ಗಾಯವಿಲ್ಲದ ಕಾಲು

ಅನುಸೂಯಾ ತೀರಿಕೊಂಡ ಸುದ್ದಿ ಪುಣೆಯ ಖರಾಡಿಯ ಆ ಕಟ್ಟಡಕ್ಕೆ ಒಂದೇ ದಿನ ಎರಡು ಸಲ ಬಂತು. ಮೊದಲು ಆಫೀಸಿಗೆ ಬಂತು. ಆಮೇಲೆ ಅವ್ವಮ್ಮನಿಗೆ ಬಂತು. ಎರಡರ ನಡುವೆ ಇಡೀ ಒಂದು ಸ್ಲ್ಯಾಬು ಹಾಕಿ ಮುಗಿಯಿತು.

ಆಸ್ಪತ್ರೆಯಿಂದ ಫೋನು ಮಾಡಿದವನು ಭೀಮು. ಅವ್ವಮ್ಮನ ಮಗ, ಅನುಸೂಯಾಳ ಗಂಡ. ಎತ್ತಿದವನು ಮುಕಾದಮ ನಿಜಲಿಂಗಪ್ಪ. ಯಾದಗಿರಿ, ಶಹಾಪುರದ ಕಡೆಯ ಹಳ್ಳಿಗಳಿಂದ ಆಳುಗಳನ್ನು ಲಾರಿಗೆ ತುಂಬಿ ಪುಣೆಗೆ ತಂದು ಕೆಲಸಕ್ಕೆ ಹಚ್ಚುವವನು ಅವನೇ.

"ಮುಕಾದಮ್ರ, ನಮ್ಮವ್ವಗ ಹೇಳ್ರಿ. ಅನುಸೂಯಾ ಹೋದ್ಳು. ಲಗೂನ ಕಳಸ್ರಿ," ಎಂದ ಭೀಮು.

"ಹೇಳ್ತೀನಿ ತಗೋ," ಎಂದು ನಿಜಲಿಂಗಪ್ಪ ಫೋನು ಇಟ್ಟ.

ಹೊರಗೆ ಬಂದು ಮೇಲೆ ನೋಡಿದ. ಬಿಸಿಲು ಇನ್ನೂ ಏರುತ್ತಿತ್ತು. ಮೂರನೆಯ ಮಹಡಿಯ ಸ್ಲ್ಯಾಬು ನಡೆದಿತ್ತು. ಲಿಫ್ಟಿನ ಬಾಯಿಂದ ಆ ತುದಿಯವರೆಗೆ ಹೆಂಗಸರ ಸಾಲು. ಕಾಂಕ್ರೀಟು ತುಂಬಿದ ಪುಟ್ಟಿ ಕೈಯಿಂದ ಕೈಗೆ ಹೋಗುತ್ತಿತ್ತು. ಸಾಲಿನ ನಡುವೆ ಹಲಗೆಯ ಮೇಲೆ ಅವ್ವಮ್ಮ ನಿಂತಿದ್ದಳು. ಅವಳೊಬ್ಬಳನ್ನು ಕಿತ್ತರೆ ಸಾಲು ತುಂಡಾಗುತ್ತದೆ. ಸುದ್ದಿ ಕೇಳಿದರೆ ಉಳಿದವರೂ ಪುಟ್ಟಿ ಇಟ್ಟು ಅಳುತ್ತಾ ಕೂರುತ್ತಾರೆ. ಸ್ಲ್ಯಾಬು ಶುರು ಮಾಡಿದ ಮೇಲೆ ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಬಿದ್ದದ್ದು ಗಟ್ಟಿಯಾಗುತ್ತದೆ, ಹೊಸದು ಅದಕ್ಕೆ ಹತ್ತುವುದಿಲ್ಲ, ಮುಂದೆ ಅಲ್ಲಿ ನೀರು ಸೋರುತ್ತದೆ.

ನಿಜಲಿಂಗಪ್ಪ ಹೋಗಿ ಇಂಜಿನಿಯರು ಕುಶಲ ಸಾಹೇಬನಿಗೆ ಹೇಳಿದ. ಸಾಹೇಬ ಕೈಗಡಿಯಾರ ನೋಡಿದ.

"ಸ್ಲ್ಯಾಬ್ ಸಂಪೂ ದೇ. ಮಗ ಸಾಂಗ," ಎಂದ ಮರಾಠಿಯಲ್ಲಿ. ಸ್ಲ್ಯಾಬು ಮುಗಿಯಲಿ, ಆಮೇಲೆ ಹೇಳು.

ಅವ್ವಮ್ಮ ದಿನವಿಡೀ ಪುಟ್ಟಿ ಸಾಗಿಸಿದಳು. ಸೊಸೆಗೆ ಜ್ವರ ಇಳಿದಿರಬಹುದು ಎಂದುಕೊಂಡು ಸಾಗಿಸಿದಳು. ಪಕ್ಕದವಳು ಏನೋ ಚೇಷ್ಟೆ ಮಾಡಿದಾಗ ನಕ್ಕಳು ಕೂಡ. ಹೊತ್ತು ಇಳಿಯುವಾಗ ಸ್ಲ್ಯಾಬು ಮುಗಿಯಿತು. ಸ್ಲ್ಯಾಬು ಮುಗಿದರೆ ತೆಂಗಿನಕಾಯಿ ಒಡೆದು ಎಲ್ಲರಿಗೂ ಪೇಢೆ ಹಂಚುವುದು ಪದ್ಧತಿ. ಹಂಚಿದರು. ಅವ್ವಮ್ಮ ಕೈಗೆ ಹತ್ತಿದ ಸಿಮೆಂಟನ್ನು ಸೀರೆಗೆ ಒರೆಸಿಕೊಂಡು, ಪೇಢೆಯನ್ನು ಹಣೆಗೆ ಒತ್ತಿ ಬಾಯಿಗೆ ಹಾಕಿಕೊಂಡಳು. ಆಗ ನಿಜಲಿಂಗಪ್ಪ ಹತ್ತಿರ ಬಂದ.

"ಅವ್ವಮ್ಮ, ಗಟ್ಟಿಯಾಗು. ನಿನ್ನ ಸೊಸಿ ಹೋಗ್ಯಾಳ."

"ಯಾವಾಗ್ರಿ?"

"ಈಗ ಫೋನ್ ಬಂತು."

ಪೇಢೆ ಬಾಯಲ್ಲೇ ಇತ್ತು. ಉಗುಳಲೂ ಆಗಲಿಲ್ಲ. ನುಂಗಲೂ ಆಗಲಿಲ್ಲ.

ಆಸ್ಪತ್ರೆಯಲ್ಲಿ ಭೀಮು ತಾಯಿಯನ್ನು ನೋಡಿ ಮೊದಲು ಕೇಳಿದ್ದು ಇದನ್ನೇ: "ಮುಂಜಾನಿನೇ ಹೇಳೀನಲ್ಲವ್ವ. ಎಲ್ಲಿ ಹೋಗಿದ್ದಿ?"

ಮನೆಯಲ್ಲಿ ಹೆಣವಿದ್ದರೆ ಒಲೆ ಹೊತ್ತಿಸುವುದಿಲ್ಲ. ನೆರೆಯವರೂ ಉಣ್ಣುವುದಿಲ್ಲ. ಅವ್ವಮ್ಮ ಹುಟ್ಟಿದಂದಿನಿಂದ ಹಾಗೇ ನಡೆದುಕೊಂಡವಳು. ಮೈಲಾರಲಿಂಗನ ಒಕ್ಕಲು. ಆದಿತ್ಯವಾರ ಒಂದು ಹೊತ್ತು ಉಪವಾಸ ಬಿಟ್ಟವಳಲ್ಲ. ಸೊಸೆಯ ಹೆಣ ಆಸ್ಪತ್ರೆಯ ನೆಲದ ಮೇಲೆ ಬಿದ್ದಿರುವಾಗ ಇವಳ ಬಾಯಿಗೆ ಸಿಹಿ ಹಾಕಿಸಿದ್ದರು. ಕೂಲಿ ಕಡಿಮೆ ಕೊಟ್ಟಿದ್ದನ್ನು ಅವಳು ಮರೆತಿದ್ದಾಳೆ. ಬೈದದ್ದನ್ನು ಮರೆತಿದ್ದಾಳೆ. ಇದನ್ನು ಮರೆಯಲಿಲ್ಲ.

ಅನುಸೂಯಾ ಬರೀ ಸೊಸೆಯಲ್ಲ, ಅಣ್ಣ ಲಾಲಪ್ಪನ ಮಗಳು. ಕೂಸಾಗಿದ್ದಾಗ ಅವ್ವಮ್ಮ ಬೆನ್ನಿಗೆ ಕಟ್ಟಿಕೊಂಡು ಹೊಲಕ್ಕೆ ಒಯ್ದವಳು. ಅವಳಿಗೆ ಬಂದದ್ದು ದೊಡ್ಡ ರೋಗವೂ ಅಲ್ಲ. ಅಂಗೈಯಗಲದ ಒಂದು ಸುಟ್ಟ ಗಾಯ.

ಹಸಿ ಸಿಮೆಂಟು ಬೆಂಕಿಯ ಹಾಗೆ ಕೂಡಲೇ ಸುಡುವುದಿಲ್ಲ. ಮೊದಲು ತಂಪಾಗಿರುತ್ತದೆ. ಬಿಸಿಲಲ್ಲಿ ಕಾದ ಕಾಲಿಗೆ ಹಿತವೆನಿಸುತ್ತದೆ. ಸ್ಲ್ಯಾಬಿನ ಮೇಲೆ ಹೆಂಗಸರು ಹವಾಯಿ ಚಪ್ಪಲಿಯಲ್ಲಿ ಆ ಕೆಸರಿನಲ್ಲೇ ನಿಲ್ಲುತ್ತಾರೆ. ಸಂಜೆ ತೊಳೆದಾಗ ಚರ್ಮ ಕೆಂಪಾಗಿರುತ್ತದೆ. ಮರುದಿನ ಬೊಬ್ಬೆ. ಅದರ ಮರುದಿನ ಚರ್ಮ ಕಳಚಿ ಒಳಗಿನ ಮಾಂಸ ಕಾಣುತ್ತದೆ. ಅನುಸೂಯಾಳ ಬಲಗಾಲಿನ ಹಿಮ್ಮಡಿಯ ಮೇಲೆ ಹಾಗಾಯಿತು.

ಕಟ್ಟಡದವರಿಗೆ ಗೊತ್ತಿರುವ ಔಷಧಿ ಒಂದೇ. ಕೈ ಕೊಯ್ದರೆ, ಕಾಲು ತರಚಿದರೆ, ಒಂದು ಚಿಟಿಕೆ ಒಣ ಸಿಮೆಂಟು ಹಾಕಿ ಒತ್ತಿ ಹಿಡಿಯುವುದು. ರಕ್ತ ನಿಲ್ಲುತ್ತದೆ, ಮೇಲೆ ಹಕ್ಕಳೆ ಕಟ್ಟುತ್ತದೆ. ಹಾಗೆ ಮಾಡಿಕೊಂಡೇ ಎಷ್ಟೋ ಜನ ದುಡಿದಿದ್ದಾರೆ. ಅನುಸೂಯಾ ಕೂಡ ಗಾಯ ಒಸರುವುದು ನಿಲ್ಲಲಿ ಎಂದು ಸಿಮೆಂಟು ಹಾಕಿಕೊಂಡಳು. ಸುಟ್ಟದ್ದರ ಮೇಲೆ ಸುಡುವುದನ್ನೇ ಹಾಕಿಕೊಂಡಳು. ಬೇಡ ಎಂದು ಯಾರೂ ಹೇಳಲಿಲ್ಲ. ಸಿಮೆಂಟು ಮೈ ತಿನ್ನುತ್ತದೆ ಎಂಬುದು ಕುಶಲ ಸಾಹೇಬನಿಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅವನು ಮೊಣಕಾಲುದ್ದದ ಗಂಬೂಟು ಹಾಕಿಕೊಂಡು ಸ್ಲ್ಯಾಬಿನ ಮೇಲೆ ನಿಲ್ಲುತ್ತಿದ್ದ.

ಕಾಲು ಊದಿದಾಗ ಅವ್ವಮ್ಮ ಅವಳನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಪಟ್ಟಿ ಕಟ್ಟುವ ಕೋಣೆಯಲ್ಲಿದ್ದ ಮಾಧುರಿ ಸಿಸ್ಟರು ವಿಜಾಪುರದ ಕಡೆಯವರು. ಇವರ ಮಾತು ಕೇಳಿ ಕನ್ನಡದಲ್ಲೇ ಗದರಿದರು.

"ಏನ್ ಹಾಕೀರಿ ಇದಕ್ಕ?"

"ಸಿಮಿಟ್ ರೀ," ಎಂದಳು ಅನುಸೂಯಾ.

"ಸಿಮೆಂಟಾ? ಇದು ಕಾಲೋ, ಗ್ವಾಡಿಯೋ?"

ಗದರಿದರೂ ಕೈ ಮೆತ್ತಗಿತ್ತು. ಬಹಳ ಹೊತ್ತು ನೀರು ಬಿಟ್ಟು ತೊಳೆದರು. ಸತ್ತ ಚರ್ಮವನ್ನು ಕತ್ತರಿಯಿಂದ ತೆಗೆದರು. ಎಣ್ಣೆಯಂಥ ಮುಲಾಮು ಹಚ್ಚಿದ ಜಾಳು ಬಟ್ಟೆ ಇಟ್ಟರು, ಮೇಲೆ ಹತ್ತಿಯ ದಪ್ಪ ಪದರ, ಅದರ ಮೇಲೆ ಬಿಳಿ ಪಟ್ಟಿಯನ್ನು ಬೆರಳಿನಿಂದ ಕಣಕಾಲಿನವರೆಗೆ ಸುತ್ತಿದರು.

"ನೋಡು ತಂಗಿ, ಒಳಗ ಹೊಸ ಚರ್ಮ ಬರಬೇಕು. ಅದು ಎಳಿ ಕೂಸಿದ್ದಂಗ. ನೀರು ಬ್ಯಾಡ, ಧೂಳ ಬ್ಯಾಡ. ಬಿಚ್ಚಿ ಬಿಚ್ಚಿ ನೋಡಬ್ಯಾಡ. ಒಂದಿನ ಬಿಟ್ಟು ಒಂದಿನ ಬಾ, ನಾನೇ ಬದಲಿ ಮಾಡ್ತೀನಿ. ಪಟ್ಟಿ ಇದ್ರ ಕಾಲು ಉಳೀತದ."

"ಕೆಲಸಕ್ಕ ಹೋಗಬಹುದೇನ್ರಿ ಅಕ್ಕೋರ?"

"ಕುಂತು ಮಾಡೋ ಕೆಲಸಿದ್ರ ಹೋಗು."

ಅನುಸೂಯಾ ನಕ್ಕಳು. "ಕುಂತು ಮಾಡೋ ಕೆಲಸ ಸಾಹೇಬ್ರು ಮಾಡ್ತಾರ್ರಿ. ನಮಗ ಉಳಸಂಗಿಲ್ಲ."

ಮರುದಿನ ಬೆಳಗ್ಗೆ ಗೇಟಿನಲ್ಲಿ ವಾಚ್‌ಮನ್ ಅವಳನ್ನು ತಡೆದ. ನಿಜಲಿಂಗಪ್ಪ ಬಂದ.

ಆ ಗೇಟಿನ ಪಕ್ಕ ಒಂದು ಹಸಿರು ಬೋರ್ಡು ಇತ್ತು. ಅಪಘಾತವಿಲ್ಲದೆ ಎಷ್ಟು ದಿನ ಕೆಲಸ ನಡೆದಿದೆ ಎಂದು ಅದರ ಮೇಲೆ ಬರೆಯುತ್ತಿದ್ದರು. ದಿನಾ ಬೆಳಗ್ಗೆ ಹಳೆಯ ಅಂಕಿ ಒರೆಸಿ ಹೊಸದು ಬರೆಯುವುದು ವಾಚ್‌ಮನ್ನನ ಕೆಲಸ. ಕಟ್ಟಡ ಕಟ್ಟಿಸುವ ಕಂಪನಿಯವರು ಮುಂಬಯಿಯಿಂದ ಆಗಾಗ ಬಂದು ಆ ಬೋರ್ಡು ನೋಡಿ ಮೆಚ್ಚಿ ಹೋಗುತ್ತಿದ್ದರು. ಒಳಗೆ ಯಾರ ಮೈಮೇಲಾದರೂ ಬಿಳಿ ಪಟ್ಟಿ ಕಂಡರೆ ಅವರು ಕೇಳುತ್ತಾರೆ. ಕೇಳಿದರೆ ಅದು ಅಪಘಾತವಾಗುತ್ತದೆ. ಅಪಘಾತವಾದರೆ ಬೋರ್ಡಿನ ಅಂಕಿ ಸೊನ್ನೆಗೆ ಬರುತ್ತದೆ. ಆದ್ದರಿಂದ ಗಾಯಕ್ಕೆ ಅಡ್ಡಿಯಿರಲಿಲ್ಲ. ಪಟ್ಟಿಗೆ ಮಾತ್ರ ಅಡ್ಡಿಯಿತ್ತು.

"ಬಿಚ್ಚು ಅದನ್ನ," ಎಂದ ನಿಜಲಿಂಗಪ್ಪ.

"ಸಿಸ್ಟರ್ ಬಿಚ್ಚಬ್ಯಾಡ ಅಂದಾರ್ರಿ."

"ಹಂಗಾದ್ರ ಸಿಸ್ಟರ್‌ಗ ಹೇಳು, ಬಂದು ನಿನ್ನ ಬದಲಿ ಪುಟ್ಟಿ ಹೊರ್ಲಿ. ಬಿಚ್ಚಿದ್ರ ಒಳಗ ಬಾ. ಇಲ್ಲಂದ್ರ ಮನಿಗಿ ನಡಿ. ಭೀಮೂನ್ನೂ ಕರಕೊಂಡು ನಡಿ."

ಅಲ್ಲಿ ಕೆಲಸ ಜೋಡಿಯ ಲೆಕ್ಕದಲ್ಲಿ. ಗಂಡ ಹೆಂಡತಿ ಇಬ್ಬರೂ ಬಂದರೆ ಒಂದು ಜೋಡಿ. ಜೋಡಿಗೆ ಒಂದು ಪತ್ರಾದ ಖೋಲಿ, ತಗಡಿನ ಕೋಣೆ. ಒಬ್ಬರು ಬಿದ್ದರೆ ಇನ್ನೊಬ್ಬರ ಕೆಲಸವೂ ಹೋಯಿತು, ತಲೆಯ ಮೇಲಿನ ಪತ್ರಾವೂ ಹೋಯಿತು. ಅನುಸೂಯಾ ಗೇಟಿನ ಬಳಿಯ ಜಲ್ಲಿ ರಾಶಿಯ ಮೇಲೆ ಕುಳಿತು ಪಟ್ಟಿ ಬಿಚ್ಚಿದಳು. ಎಲ್ಲರೂ ನೋಡುತ್ತ ದಾಟಿದರು. ಬಿಚ್ಚಿದ ಪಟ್ಟಿಯನ್ನು ಸುತ್ತಿ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಳು. ಬರಿ ಗಾಯದಲ್ಲಿ ಒಳಗೆ ಹೋದಳು. ಸಂಜೆ ಅದೇ ಪಟ್ಟಿಯನ್ನು ಮತ್ತೆ ಸುತ್ತಿಕೊಂಡಳು. ಬೆವರು, ಧೂಳು, ಸಿಮೆಂಟು ಎಲ್ಲ ಅದರೊಳಗೆ ಸೇರಿತು. ದಿನಾ ಇದೇ ನಡೆಯಿತು.

ಮತ್ತೆ ಹೋದಾಗ ಮಾಧುರಿ ಸಿಸ್ಟರು ಕೆಂಡವಾದರು. ಸುತ್ತ ಇದ್ದ ರೋಗಿಗಳು ತಿರುಗಿ ನೋಡುವ ಹಾಗೆ ಬೈದರು.

"ನಾಯಿಗೆ ಕಟ್ಟಿದ್ರ ನಾಯಿ ಸೈತ ಇಟ್ಕೋತಿತ್ತು. ನಿಮ್ಮಂಥೋರಿಗೆ ಹೆಂಗ ಹೇಳಬೇಕು? ಹೊಲಸು ಮಾಡ್ಕೊಂಡು ಬರ್ತೀರಿ, ಆಮ್ಯಾಲೆ ಸರಕಾರಿ ದವಾಖಾನಿ ಚಲೋ ಇಲ್ಲ ಅಂತೀರಿ."

ಅನುಸೂಯಾ ತಲೆ ತಗ್ಗಿಸಿ ಕೂತಿದ್ದಳು. ಬಾಯಿ ಬಿಟ್ಟವಳು ಅವ್ವಮ್ಮ.

"ಆಕಿ ಬಿಚ್ಚಿಲ್ರಿ. ಬಿಚ್ಚಸ್ತಾರ್ರಿ."

"ಯಾರು ಬಿಚ್ಚಸ್ತಾರ?"

"ಗೇಟಿನ್ಯಾಗ್ರಿ. ಪಟ್ಟಿ ಇದ್ದೋರನ್ನ ಒಳಗ ಬಿಡಂಗಿಲ್ಲ."

ಸಿಸ್ಟರು ನೀರಿನ ಬಟ್ಟಲು ಹತ್ತಿರ ಎಳೆದುಕೊಂಡರು. ಗಾಯ ತೊಳೆದರು. ಗಾಯ ಕಪ್ಪಾಗಿತ್ತು. ಅದರಿಂದ ಕೊಳೆತ ವಾಸನೆ ಬರುತ್ತಿತ್ತು.

ಜ್ವರ ಏರಿತು. ಊತ ತೊಡೆಗೆ ಹತ್ತಿತು. ವಾರ್ಡಿಗೆ ಸೇರಿಸಿಕೊಂಡರು. ಕೀವು ರಕ್ತಕ್ಕೆ ಸೇರಿದೆ ಎಂದರು ಡಾಕ್ಟರು. ಭೀಮು ಹೆಂಡತಿಯ ಬಳಿ ಉಳಿದ. ಖೋಲಿ ಹೋಗದಿರಲಿ ಎಂದು ಸೊಸೆಯ ಜಾಗದಲ್ಲಿ ಅವ್ವಮ್ಮ ಸ್ಲ್ಯಾಬಿಗೆ ಹೋದಳು. ಆ ದಿನವೇ ಆ ಫೋನು ಬಂತು.

ಹೆಣ ಕೊಡುವ ಮೊದಲು ಮಾಧುರಿ ಸಿಸ್ಟರು ಬಂದು, ಅನುಸೂಯಾಳ ಕಾಲಿಗೆ ಹೊಸ ಪಟ್ಟಿ ಸುತ್ತಿದರು. ಸತ್ತವಳಿಗೆ ಯಾಕೆ ಎಂದು ಯಾರೂ ಕೇಳಲಿಲ್ಲ. ನದಿಯ ದಂಡೆಯಲ್ಲಿ, ಊರ ಕಡೆಯವರು ಹೂಳುವ ಜಾಗದಲ್ಲಿ ಹೂಳಿದರು. ಮಣ್ಣು ಹಾಕುವಾಗ ಬಿಳಿ ಪಟ್ಟಿ ಕೊನೆಗೆ ಮುಚ್ಚಿತು.

ಮಣ್ಣು ಕೊಟ್ಟು ಬಂದ ಮರುದಿನ ಬೆಳಗ್ಗೆ ವಾಚ್‌ಮನ್ ಬೋರ್ಡು ಒರೆಸಿ ಒಂದು ಏರಿಸಿ ಬರೆದ. ಅವ್ವಮ್ಮನಿಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ನಿಂತು ನೋಡಿದಳು.

"ನಮ್ಮ ಹುಡುಗಿ ಸತ್ತಾಳಲ್ಲೋ. ಇದು ಹೆಂಗ ಏರ್ತದ?" ಎಂದು ಬೋರ್ಡಿಗೆ ಬೆರಳು ಮಾಡಿ ಅವನನ್ನೇ ಕೇಳಿದಳು.

ಅವನು ಮರಾಠಿಯವನು, ಬಡವ, ಕೆಟ್ಟವನಲ್ಲ. ಆಚೀಚೆ ನೋಡಿ ಹಿಂದಿಯಲ್ಲಿ ಮೆಲ್ಲಗೆ ಹೇಳಿದ. ಗೇಟಿನ ಒಳಗೆ ಸತ್ತರೆ ಮಾತ್ರ ಲೆಕ್ಕ. ಆಸ್ಪತ್ರೆಯಲ್ಲಿ ಸತ್ತರೆ ಅದು ಜ್ವರ.

ಮುರಿದ ಜೋಡಿಯನ್ನು ನಿಜಲಿಂಗಪ್ಪನೇ ಕೂಡಿಸಿದ. ಅನುಸೂಯಾಳ ತಂಗಿ ದುರ್ಗಾ ಅವರ ಜೊತೆಗೇ ಪುಣೆಗೆ ಬಂದಿದ್ದಳು. ಇನ್ನೂ ಮದುವೆಯಾಗದ ಹುಡುಗಿ. ಅತ್ತೆ ಅವ್ವಮ್ಮನ ಜೊತೆ ಕೆಳಗೆ ಮರಳು ಸೋಸುತ್ತಿದ್ದಳು. ಅವಳನ್ನು ಅಕ್ಕನ ಜಾಗಕ್ಕೆ, ಸ್ಲ್ಯಾಬಿನ ಸಾಲಿಗೆ ನಿಲ್ಲಿಸಿದ. ಅವ್ವಮ್ಮ ಬೇಡವೆಂದು ಅವನ ಕಾಲು ಹಿಡಿದಳು.

"ಮುದುಕಿ, ನೀ ನಿಂತ್ರ ಸಾಲು ನಿಧಾನ ಆಗ್ತದ. ಆಕಿ ನಿಲ್ಲಲಿ. ಇಲ್ಲಂದ್ರ ಖೋಲಿ ಖಾಲಿ ಮಾಡ್ರಿ. ನನಗೇನು?"

ಒಂದೇ ಸ್ಲ್ಯಾಬಿಗೆ ದುರ್ಗಾಳ ಎಡಗಾಲು ಸುಟ್ಟಿತು. ಅಕ್ಕನ ಹಾಗೆಯೇ ಮೊದಲು ಕೆಂಪು, ಆಮೇಲೆ ಬೊಬ್ಬೆ, ಆಮೇಲೆ ಮಾಂಸ. ಹುಡುಗಿ ನೋವಿಗಿಂತ ಹೆಚ್ಚಾಗಿ ಹೆದರಿಕೆಗೆ ಅತ್ತಳು. "ಅತ್ತಿ, ನಾನೂ ಸಾಯ್ತೀನೇನ?" ಎಂದು ಕೇಳಿದಳು.

"ಸಾಯಲ್ಲ. ನಾ ಸಾಯಗೊಡಂಗಿಲ್ಲ," ಎಂದಳು ಅವ್ವಮ್ಮ.

ಆ ಮಾತು ಕೊಟ್ಟ ಮೇಲೆ ಅವಳಿಗೆ ಬೇರೆ ಯೋಚನೆ ಉಳಿಯಲಿಲ್ಲ. ಸಿಮೆಂಟು ಮುಟ್ಟಗೊಡಲಿಲ್ಲ. ಮಾಧುರಿ ಸಿಸ್ಟರ ಬಳಿ ಕರೆದೊಯ್ದು ಪಟ್ಟಿ ಕಟ್ಟಿಸಿದಳು. ಖೋಲಿಯಲ್ಲೇ ಕೂರಿಸಿ, ಹುಡುಗಿಗೆ ಹೊಟ್ಟೆನೋವು ಎಂದು ಮುಕಾದಮನಿಗೆ ಸುಳ್ಳು ಹೇಳಿದಳು. ಒಂದಿನ ಬಿಟ್ಟು ಒಂದಿನ ಆಸ್ಪತ್ರೆಗೆ ಕರೆದೊಯ್ದಳು. ಕೆಲವು ದಿನ ಹೀಗೆ ಸಾಗಿತು. ಗಾಯದ ಅಂಚಿನಲ್ಲಿ ಗುಲಾಬಿ ಬಣ್ಣ ಕಂಡಿತು. ಸಿಸ್ಟರು, "ಇನ್ನೊಂದೆರಡು ವಾರ ಹಿಂಗೇ ಕಾಯಿರಿ, ಗೆದ್ದಂಗ," ಎಂದರು.

ಅಷ್ಟರಲ್ಲಿ ಸುರಕ್ಷಾ ಸಪ್ತಾಹ ಬಂತು.

ಮುಂಬಯಿಯ ದೊಡ್ಡವರು ಬರುವವರಿದ್ದರು. ಬೋರ್ಡಿನ ಅಂಕಿ ದೊಡ್ಡದಾಗಿತ್ತು. ಅದಕ್ಕೆ ಕುಶಲ ಸಾಹೇಬನಿಗೆ ಸನ್ಮಾನ. ಖೋಲಿಗಳ ಮುಂದಿನ ಬಯಲಿನಲ್ಲಿ ಶಾಮಿಯಾನ ಹಾಕಿದರು. ನೆಲಕ್ಕೆ ನೀರು ಹೊಡೆದರು. ಅಲ್ಲಿಯವರೆಗೆ ಕಾಣದ ಗಂಬೂಟುಗಳು ಲಾರಿಯಲ್ಲಿ ಬಂದವು. ಮುಂದಿನ ಸಾಲಿನಲ್ಲಿ ನಿಲ್ಲುವವರಿಗೆ ಹಂಚಿದರು, ಸಂಜೆ ವಾಪಸು ಕೊಡಬೇಕು ಎಂದು ಹೇಳಿಯೇ ಹಂಚಿದರು.

ಬೆಳಗ್ಗೆ ಅವ್ವಮ್ಮ ನೀರಿಗೆ ಹೋಗಿದ್ದಳು. ಕೊಡ ಹೊತ್ತು ಬರುವಾಗ ದುರ್ಗಾ ಬಾಗಿಲಲ್ಲಿ ಕೂತು ಅಳುತ್ತಿದ್ದಳು. ಕಾಲು ಬರಿದಾಗಿತ್ತು. ಎಳೆಯ ಚರ್ಮ ಹತ್ತಿಯ ಜೊತೆ ಕಿತ್ತು ರಕ್ತ ಜಿನುಗುತ್ತಿತ್ತು.

"ಮುಕಾದಮ ಬಂದಿದ್ದ ಅತ್ತಿ. ಸಾಹೇಬ್ರು ಈ ಕಡೆ ಹಾಯ್ತಾರ, ಪಟ್ಟಿ ಕಾಣಬಾರದು ಅಂದ. ನಾ ಬಿಚ್ಚಂಗಿಲ್ಲ ಅಂದೆ. ಅವನೇ ಎಳದ. ಎಳದು ಒಲಿಗೆ ಹಾಕಿದ."

ಅವ್ವಮ್ಮ ಕೊಡ ಇಳಿಸಿದಳು. ತಣ್ಣೀರು ಬಿಟ್ಟು ಗಾಯ ತೊಳೆದಳು.

ಆಗ ನಿಜಲಿಂಗಪ್ಪ ಓಡುತ್ತ ಬಂದ. ಅವನಿಗೆ ಬೇರೊಂದು ಗಂಡಾಂತರ ಒದಗಿತ್ತು. ಗಾಯವಾದವರಿಗೆ ಪಟ್ಟಿ ಹೇಗೆ ಕಟ್ಟಬೇಕು ಎಂದು ಅತಿಥಿಗಳ ಮುಂದೆ ತೋರಿಸುವ ಕಾರ್ಯಕ್ರಮವಿತ್ತು. ಅದಕ್ಕೆ ಒಬ್ಬ ಹೆಂಗಸು ಕುರ್ಚಿಯ ಮೇಲೆ ಕೂತು ಕಾಲು ಚಾಚಬೇಕು. ಆದರೆ ಕಾಲು ಚೆನ್ನಾಗಿರಬೇಕು. ನಿಜವಾದ ಗಾಯ ಕಂಡರೆ ಅತಿಥಿಗಳು ಹೇಸುತ್ತಾರೆ, ಪ್ರಶ್ನೆ ಕೇಳುತ್ತಾರೆ. ಸಾಲಿನ ಹೆಂಗಸರನ್ನು ಒಬ್ಬೊಬ್ಬರಾಗಿ ಚಪ್ಪಲಿ ಬಿಡಿಸಿ ನೋಡಿದ್ದ. ಒಬ್ಬಳ ಬೆರಳು ಕೊಳೆತಿತ್ತು. ಒಬ್ಬಳ ಹಿಮ್ಮಡಿ ತೂತು ಬಿದ್ದಿತ್ತು. ಒಬ್ಬಳ ಪಾದದಲ್ಲಿ ಮೊಳೆ ಹೊಕ್ಕ ಗುರುತು ಹಸಿಯಾಗಿತ್ತು. ಸ್ಲ್ಯಾಬಿನ ಮೇಲೆ ದುಡಿಯುವ ಇಷ್ಟೊಂದು ಹೆಂಗಸರಲ್ಲಿ ಗಾಯವಿಲ್ಲದ ಒಂದು ಕಾಲು ಅವನಿಗೆ ಸಿಗಲಿಲ್ಲ.

"ಅವ್ವಮ್ಮ, ನೀ ಮರಳಿನ್ಯಾಗ ಇರ್ತಿ. ತೋರಸು ನಿನ್ನ ಕಾಲು."

ತೋರಿಸಿದಳು. ಒಡೆದಿತ್ತು, ಗಾಯವಿರಲಿಲ್ಲ.

"ಸಾಕು. ತೊಳಕೊಂಡು ಬಾ. ಸುಮ್ನ ಕುಂತು ಏಳೂದು, ಬ್ಯಾರೆ ಏನಿಲ್ಲ. ಹುಡುಗೀನ್ನ ಮ್ಯಾಲೆ ಕೆಲಸಕ್ಕ ಕಳಸಬ್ಯಾಡ ಅಂತಿದ್ದೆಲ್ಲ, ನೋಡೂಣು ತಗೋ. ಇವತ್ತ ನನ್ನ ಮರ್ಯಾದಿ ಉಳಸು."

ಅವ್ವಮ್ಮ ಕಾಲು ತೊಳೆದಳು. ಹಣೆಗೆ ಮೈಲಾರಲಿಂಗನ ಭಂಡಾರದ ಅರಿಸಿನ ಹಚ್ಚಿಕೊಂಡಳು. ಹೊರಟಳು.

ಶಾಮಿಯಾನದ ಕೆಳಗೆ ಕುರ್ಚಿಗಳ ಮೇಲೆ ದೊಡ್ಡವರು ಕೂತಿದ್ದರು. ಹಳದಿ ಟೊಪ್ಪಿಗೆ ಹಾಕಿದ್ದರು. ಒಬ್ಬ ಹೆಣ್ಣುಮಗಳೂ ಇದ್ದಳು. ಆಫೀಸಿನ ಗೋಡೆಯಿಂದ ಗಾಜಿನ ಬಾಗಿಲಿನ ಒಂದು ಬಿಳಿ ಪೆಟ್ಟಿಗೆ ಇಳಿಸಿ ತಂದಿದ್ದರು. ಕೆಂಪು ಪ್ಲಸ್ ಗುರುತು ಅದರ ಮೇಲೆ. ಸೀಲು ಒಡೆದು ತೆಗೆದರು. ಒಳಗೆ ಹತ್ತಿ, ಮುಲಾಮು, ಸಾಲು ಸಾಲಾಗಿ ಬಿಳಿ ಪಟ್ಟಿಗಳು. ಅನುಸೂಯಾ ಸಾಯುವಾಗಲೂ ಆ ಪೆಟ್ಟಿಗೆ ಗೋಡೆಯ ಮೇಲೇ ಇತ್ತು. ಅದರ ಕೆಳಗೆ ಕೂತೇ ನಿಜಲಿಂಗಪ್ಪ ಫೋನು ಎತ್ತಿದ್ದ.

ಪ್ರಥಮ ಚಿಕಿತ್ಸೆ ಕಲಿಸುವ ಒಬ್ಬ ಯುವಕ ಅವ್ವಮ್ಮನ ಪಾದವನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡ. ರಬ್ಬರಿನ ಕೈಗವಸು ಹಾಕಿಕೊಂಡ. ಇಂಗ್ಲಿಷಿನಲ್ಲಿ ಹೇಳುತ್ತ, ಇಲ್ಲದ ಗಾಯಕ್ಕೆ ಹತ್ತಿ ಇಟ್ಟ. ಇಲ್ಲದ ಗಾಯದ ಮೇಲೆ ಪಟ್ಟಿ ಸುತ್ತಿದ. ಅಂದವಾಗಿ ಸುತ್ತಿದ. ಫೋಟೋ ತೆಗೆದರು. ಕುಶಲ ಸಾಹೇಬ ಬಗ್ಗಿ ಅವಳ ಹೆಗಲ ಮೇಲೆ ಕೈಯಿಟ್ಟ. ಆ ಕಟ್ಟಡಕ್ಕೆ ಬಂದ ಮೇಲೆ ಸಾಹೇಬನೊಬ್ಬ ಅವಳನ್ನು ಮುಟ್ಟಿದ್ದು ಅದೇ ಮೊದಲು. ಅದರ ಫೋಟೋ ಕೂಡ ತೆಗೆದರು.

"ಆತು, ಏಳು ಇನ್ನ," ಎಂದ ನಿಜಲಿಂಗಪ್ಪ.

ಅವ್ವಮ್ಮ ಎದ್ದಳು. ಬಗ್ಗಿ ಪಟ್ಟಿಯ ತುದಿ ಹಿಡಿದು ಬಿಚ್ಚತೊಡಗಿದಳು. ನಿಧಾನವಾಗಿ, ನೆಲಕ್ಕೆ ತಾಗದ ಹಾಗೆ, ಸುತ್ತುತ್ತ ಬಿಚ್ಚಿದಳು. ಆಮೇಲೆ ಕೂಗಿದಳು.

"ದುರ್ಗಾ! ಬಾ ಇಲ್ಲಿ."

ದುರ್ಗಾ ಖೋಲಿಯ ಬಾಗಿಲಿಂದ ಕುಂಟುತ್ತ ಬಂದಳು. ಅವ್ವಮ್ಮ ಅವಳನ್ನು ಆ ಕುರ್ಚಿಯ ಮೇಲೆ ಕೂರಿಸಿದಳು. ಕಾಲೆತ್ತಿ ಯುವಕನ ಮೊಣಕಾಲ ಮೇಲೆ ಇಟ್ಟಳು.

"ಇದಕ್ಕ ಕಟ್ಟಪ್ಪ. ಗಾಯ ಅಲ್ಲಿಲ್ಲ, ಇಲ್ಲಿ ಅದ."

ಯುವಕ ಗಾಯ ನೋಡಿದ. ಅವನ ಬಾಯಿಯ ಇಂಗ್ಲಿಷು ನಿಂತಿತು. ಯುವಕ ಒಂದು ಗಳಿಗೆ ಕುಶಲ ಸಾಹೇಬನ ಮುಖ ನೋಡಿ, ಆಮೇಲೆ ಪೆಟ್ಟಿಗೆಯಿಂದ ಮುಲಾಮು ತೆಗೆದ. ಹಚ್ಚಿ, ಹತ್ತಿ ಇಟ್ಟು ಕಟ್ಟಿದ.

ಅತಿಥಿಗಳು ಇದೂ ಕಾರ್ಯಕ್ರಮದ ಭಾಗ ಎಂದುಕೊಂಡರು. ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ಕೇಳಿ ಅವ್ವಮ್ಮ ಅತಿಥಿಗಳ ಕಡೆ ತಿರುಗಿದಳು.

"ಯಾತಕ್ಕ ಚಪ್ಪಾಳಿ ಹೊಡೀತೀರಿ? ಇಕಿ ಅಕ್ಕಂದು ಹಿಂಗೇ ಸುಟ್ಟಿತ್ತು. ಕಟ್ಟಿದ ಪಟ್ಟಿ ದಿನಾ ಗೇಟಿನ್ಯಾಗ ಬಿಚ್ಚಿಸಿದ್ರು. ಬಿಚ್ಚಿಸಿ ಬಿಚ್ಚಿಸಿ ಕೊಂದ್ರು. ಆಕಿ ಹೆಣ ಬಿದ್ದಿತ್ತು, ನನ್ನ ಕೈಲೆ ಸ್ಲ್ಯಾಬ್ ಹಾಕಿಸಿದ್ರು. ಪೇಢೆ ತಿನ್ನಿಸಿದ್ರು!"

ಅತಿಥಿಗಳಿಗೆ ಕನ್ನಡ ತಿಳಿಯದು. ಟೊಪ್ಪಿಗೆಯ ಹೆಣ್ಣುಮಗಳು, "ಕಾಯ ಮ್ಹಣತೇ ತೀ?" ಎಂದು ಕೇಳಿದಳು. ಏನು ಹೇಳುತ್ತಿದ್ದಾಳೆ ಅವಳು?

ನಿಜಲಿಂಗಪ್ಪ ಕೈ ಜೋಡಿಸಿ ಮುಂದೆ ಬಂದ. "ಕಂಪನೀಚೇ ಆಭಾರ ಮಾನತೇ, ಮ್ಯಾಡಮ್."

ಕಂಪನಿಯ ಉಪಕಾರ ನೆನೆಯುತ್ತಿದ್ದಾಳೆ, ಎಂದ.

ಅವ್ವಮ್ಮನಿಗೆ ಅಷ್ಟು ಮರಾಠಿ ತಿಳಿಯುತ್ತಿತ್ತು. ಸಂತೆಯ ಮರಾಠಿ, ಸೊಪ್ಪು ಉಳ್ಳಾಗಡ್ಡಿ ಕೊಳ್ಳುವ ಮರಾಠಿ. ಸಾಹೇಬರ ಮುಂದೆ ಅದನ್ನು ಎಂದೂ ಆಡಿದವಳಲ್ಲ. ಆಡಿದಳು.

"ಖೋಟಂ ಬೋಲತೋ ಹಾ. ಮಾಝೀ ಸೂನ ಮೇಲೀ. ಪಟ್ಟೀ ಕಾಢೂನ ಕಾಮಾಲಾ ಲಾವಲೀ. ಮೇಲೀ!"

ಸುಳ್ಳು ಹೇಳುತ್ತಾನೆ ಇವನು. ನನ್ನ ಸೊಸೆ ಸತ್ತಳು. ಪಟ್ಟಿ ತೆಗೆಸಿ ಕೆಲಸಕ್ಕೆ ಹಚ್ಚಿದರು. ಸತ್ತಳು.

ಆಗ ಹಿಂದೆ ನಿಂತಿದ್ದ ಕೂಲಿ ಹೆಂಗಸರಲ್ಲಿ ಒಬ್ಬಳು, "ಖರೇ ಅದ!" ಎಂದಳು. ಸೀರೆ ಎತ್ತಿ ತನ್ನ ಪಾದ ಮುಂದೆ ಚಾಚಿದಳು. ಇನ್ನೊಬ್ಬಳು ಅಂದು ಬೆಳಗ್ಗೆ ಕೊಟ್ಟ ಗಂಬೂಟು ಕಿತ್ತು ಎಸೆದು ಕಾಲು ತೋರಿಸಿದಳು. ಮತ್ತೊಬ್ಬಳು ತೋರಿಸಿದಳು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಕೊಳೆತ ಬೆರಳು, ತೂತು ಬಿದ್ದ ಹಿಮ್ಮಡಿ, ಸಿಮೆಂಟು ಮೆತ್ತಿದ ಗಾಯ. ದೊಡ್ಡವರು ಅವನ್ನೆಲ್ಲ ನೋಡಲೇಬೇಕಾಯಿತು. ಒಬ್ಬ ಮೂಗಿಗೆ ಕರವಸ್ತ್ರ ಹಿಡಿದ.

ಕುಶಲ ಸಾಹೇಬ ಬಿಳಿಚಿಕೊಂಡು ಇಂಗ್ಲಿಷಿನಲ್ಲಿ ಏನೋ ಹೇಳಿದ. ಮುದುಕಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಎಂದಿರಬೇಕು. ಬೆರಳನ್ನು ತಲೆಯ ಬಳಿ ತಿರುಗಿಸಿದ. ಚಹಾ ಆ ಕಡೆ ಇದೆ ಎಂದು ಕೈ ತೋರಿದ. ಅತಿಥಿಗಳು ಎದ್ದು ಆ ಕಡೆ ನಡೆದರು. ಹೆಣ್ಣುಮಗಳು ಮಾತ್ರ ಒಮ್ಮೆ ತಿರುಗಿ ನೋಡಿದಳು. ನೋಡಿ, ಹೋದಳು.

ನಿಜಲಿಂಗಪ್ಪ ಹಲ್ಲು ಕಡಿಯುತ್ತ ಬಂದ. "ಬಿಚ್ಚು ಅದನ್ನ. ಕಂಪನಿ ಮಾಲು ಅದು."

ದುರ್ಗಾ ಅಭ್ಯಾಸದಿಂದ ಬಗ್ಗಿದಳು. ಅವ್ವಮ್ಮ ಅವಳ ಕೈ ಹಿಡಿದು ಸರಿಸಿದಳು.

"ಬಿಚ್ಚಂಗಿಲ್ಲ."

"ಖೋಲಿ ಹೋಗ್ತದ."

"ಹೋಗ್ಲಿ."

"ಪುಣೇದಾಗ ಯಾವ ಮುಕಾದಮನೂ ನಿಮ್ಮನ್ನ ನಿಲ್ಲಗೊಡಂಗಿಲ್ಲ, ನೋಡು ಮತ್ತ."

"ನಿನ್ನ ಕೈಲೆ ಏನೇನ್ ಆಗ್ತದ ಎಲ್ಲ ಮಾಡು. ಈ ಪಟ್ಟೀಗಿ ಮಾತ್ರ ಕೈ ಹಚ್ಚಿ ನೋಡು."

ಅವನು ಕೈ ಹಚ್ಚಲಿಲ್ಲ. ಸುತ್ತ ಹೆಂಗಸರು ನಿಂತಿದ್ದರು. ಕೆಲವರ ಕೈಗೆ ಆಗಲೇ ಮರಳು ಸೋಸುವ ಜರಡಿ, ಸಲಿಕೆ ಬಂದಿದ್ದವು.

ಸಂಜೆಯೊಳಗೆ ಖೋಲಿಯ ಪತ್ರಾ ಕಿತ್ತರು. ಪಾತ್ರೆ ಪಗಡೆ ಹೊತ್ತುಕೊಂಡು ಅವ್ವಮ್ಮ, ಭೀಮು, ದುರ್ಗಾ ಮೂವರೂ ಹೊರಬಿದ್ದರು. ಮರುದಿನ ಬೋರ್ಡಿನ ಮೇಲೆ ಏನು ಬರೆದರೋ ಅವರು ನೋಡಲಿಲ್ಲ.

ಶಿವಾಜಿನಗರದ ಕೂಲಿ ನಾಕಾದಲ್ಲಿ ಬೆಳಗಿನ ಹೊತ್ತು ಮುಕಾದಮರು ಬಂದು ಆಳು ಆರಿಸಿಕೊಳ್ಳುತ್ತಾರೆ. ಕೈ ನೋಡುತ್ತಾರೆ, ಕಾಲು ನೋಡುತ್ತಾರೆ. ಪಟ್ಟಿ ಕಂಡರೆ ಮುಂದೆ ಹೋಗುತ್ತಾರೆ. ದುರ್ಗಾ ಸೀರೆಯ ಅಂಚಿನಲ್ಲಿ ಕಾಲು ಮುಚ್ಚಿಕೊಂಡರೆ ಅವ್ವಮ್ಮ ಅಂಚನ್ನು ಸರಿಸುತ್ತಿದ್ದಳು. "ಕಾಣ್ಲಿ. ಕಳ್ಳತನ ಮಾಡಿಲ್ಲ ನಾವು," ಎನ್ನುತ್ತಿದ್ದಳು. ಎಷ್ಟೋ ದಿನ ಕೆಲಸ ಸಿಗಲಿಲ್ಲ. ಭೀಮು ಒಬ್ಬನೇ ಸಿಕ್ಕಲ್ಲಿ ಹೋಗಿ ದುಡಿದ. ಸ್ಟೇಷನ್ನಿನ ಹಿಂದೆ ಊರವರ ಜೋಪಡಿಯಲ್ಲಿ ಮೂಲೆಯೊಂದು ಸಿಕ್ಕಿತು. ಅರೆಹೊಟ್ಟೆ ಉಂಡರು. ಪಟ್ಟಿಯನ್ನು ಮಾತ್ರ ಸಿಸ್ಟರೇ ಕಟ್ಟಿದರು, ಸಿಸ್ಟರೇ ಬಿಚ್ಚಿದರು. ದುರ್ಗಾಳ ಕಾಲು ಉಳಿಯಿತು.

ಅನುಸೂಯಾಳಿಗೆ ಮಣ್ಣು ಕೊಟ್ಟ ಮೂರನೆಯ ದಿನ ಹಾಲು ಬಿಡುವ ಶಾಸ್ತ್ರ ಆಗಿರಲಿಲ್ಲ. ಅಂದು ರಜೆ ಕೊಟ್ಟಿರಲಿಲ್ಲ. ದುರ್ಗಾ ಬರಿಗಾಲಲ್ಲಿ ನೆಟ್ಟಗೆ ನಡೆಯತೊಡಗಿದ ಮೇಲೆ ಒಂದು ಆದಿತ್ಯವಾರ ಮೂವರೂ ನದಿಯ ದಂಡೆಗೆ ಹೋದರು. ಮಣ್ಣು ತಗ್ಗಿತ್ತು, ಮೇಲೆ ಹುಲ್ಲು ಬಂದಿತ್ತು. ಭೀಮು ಹುಲ್ಲು ಕಿತ್ತು ಮಣ್ಣು ಸರಿಮಾಡಿದ. ದುರ್ಗಾ ಹಾಲು ಬಿಟ್ಟಳು. ಅವ್ವಮ್ಮ ಭಂಡಾರ ಚೆಲ್ಲಿ, ನೆಲಕ್ಕೆ ಹಣೆ ಹಚ್ಚಿದಳು. ಆಮೇಲೆ ಗಟ್ಟಿಯಾಗಿಯೇ ಹೇಳಿದಳು:

"ಮೈಲಾರಲಿಂಗಪ್ಪ, ತಡಾ ಆಗ್ಯಾದ, ಹೊಟ್ಟೀಗಿ ಹಾಕ್ಕೋ. ಆಕಿ ಯಾರಿಗೂ ಕೆಟ್ಟ ಬಗದಾಕಿ ಅಲ್ಲ. ಹಸದಾಳ, ಸುಟ್ಕೊಂಡಾಳ, ನೋವು ನುಂಗ್ಯಾಳ. ಆಕಿನ್ನ ನಿನ್ನ ಹತ್ರ ಕರಕೋ. ನನಗ ಶಾಂತಿ ಕೊಡು ಅಂತ ಕೇಳಂಗಿಲ್ಲ ನಾ. ನನ್ನ ಸಿಟ್ಟು ನನ್ನ ಹತ್ರಾನೇ ಇರ್ಲಿ, ಅದು ಬೇಕಾಗ್ತದ. ಆಕಿ ಜೀವಕ್ಕ ಕೊಡು. ಅನುಸೂಯಾಗ ಶಾಂತಿ ಕೊಡೋ ನನ್ನಪ್ಪ."